ಅರಸಿನ ಮುಂಡಿಗೆಯ ಮದ್ದು

ಕಳೆದ ವಾರ ಬಾಡಿಗೆ ಮನೆಯ ಅಂಗಳದಲ್ಲಿ ಕಳೆ ಕೀಳುವಾಗ ನೆಲನೆಲ್ಲಿಯ ಗಿಡವೊಂದು ಬೆರಳುಗಳ ನಡುವೆ ಜಜ್ಜಿಹೋಯಿತು. ಆ ಹಸಿ, ಒಗರು ವಾಸನೆಗೆ ಹೊಲಿಗೆ ಟೀಚರು ನೆನಪಾದರು.

ನಮ್ಮ ಊರು ಮೀಂಜದಲ್ಲಿ ಪಕ್ಕದ ಮನೆ ಅವರದು. ಶಾಲೆಯಲ್ಲಿ ನನಗೆ ಗುಂಡಿಯ ಕಾಜಾ ಹಾಕಲು ಕಲಿಸಿದವರು. ನನ್ನ ಹೊಲಿಗೆ ನೋಡಿ, "ಇದೆಂತ ಮಾರಾಯ್ತಿ, ಇರುವೆ ದಾರಿ ತಪ್ಪಿದ ಹಾಗೆ ಉಂಟು" ಎನ್ನುತ್ತಿದ್ದರು. ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು.

ನಾನು ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ ರಜೆಯಲ್ಲಿದ್ದಾಗ ಅವರ ಕಣ್ಣು ಹಳದಿಯಾಯಿತು. ನೋಡಿದವರೆಲ್ಲ ಅರಸಿನ ಮುಂಡಿಗೆ ಎಂದರು. ಕಾಮಾಲೆಗೆ ನಮ್ಮ ಕಡೆಯ ಹೆಸರು ಅದು. ಆ ಹೆಸರು ಬಿದ್ದ ಮೇಲೆ ಆಸ್ಪತ್ರೆಯ ಮಾತಿಲ್ಲ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿಯುವುದು, ಉಪ್ಪು ಎಣ್ಣೆ ಬಿಟ್ಟು ಗಂಜಿಯ ಪಥ್ಯ. ಗಿಡ ಕಿತ್ತು, ತೊಳೆದು, ಅರೆದು ಕೊಡುವ ಕೆಲಸವನ್ನು ನಾನು ವಹಿಸಿಕೊಂಡೆ.

ಎರಡನೇ ವಾರ ಬಾವಿಕಟ್ಟೆಯ ತನಕ ನಡೆದರೂ ಅವರಿಗೆ ಏದುಸಿರು ಬರುತ್ತಿತ್ತು. ಪಥ್ಯದ ಸುಸ್ತು ಎಂದು ಅವರ ಗಂಡ ಸಮಾಧಾನ ಹೇಳಿದರು. ಒಂದು ಬೆಳಿಗ್ಗೆ ಲೋಟ ಹಿಂದಿರುಗಿಸುತ್ತ ಟೀಚರು ತಗ್ಗಿದ ದನಿಯಲ್ಲಿ, "ಮೂತ್ರ ಹಾಲು ಹಾಕದ ಕಟ್ಟನ್ ಚಾಯದ ಹಾಗೆ ಹೋಗುತ್ತದೆ. ಇವರಿಗೆ ಹೇಳಬೇಡ, ಸುಮ್ಮನೆ ಹೆದರುತ್ತಾರೆ" ಎಂದರು.

ಒಡೆದ ರಕ್ತಕಣಗಳು ಆ ಕೆಂಪುಗಪ್ಪು ಬಣ್ಣ ತರುತ್ತವೆ ಎಂದು ನಾನು ಆ ವರ್ಷವೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಹೆಂಗಸೊಬ್ಬರ ಮೂತ್ರದ ಬಣ್ಣವನ್ನು ಅವರ ಗಂಡನ ಮುಂದೆ ಎತ್ತುವುದು ಹೇಗೆ... ನಾನು ಓದಿದ್ದೇ ತಪ್ಪಾಗಿದ್ದರೆ... ಇನ್ನೂ ಆರು ದಿನ ಮದ್ದು ಅರೆದೆ.

ಏಳನೆಯ ದಿನ ಅವರು ಅಡುಗೆಮನೆಯಲ್ಲಿ ಬಿದ್ದರು. ಮಂಗಳೂರಿನ ಡಾಕ್ಟರು, ಇದು ಲಿವರಿನ ಕಾಯಿಲೆಯಲ್ಲ, ದೇಹವನ್ನು ಕಾಯಬೇಕಾದ ಶಕ್ತಿಯೇ ಸ್ವಂತ ರಕ್ತಕಣಗಳನ್ನು ಶತ್ರುವೆಂದು ಒಡೆಯುತ್ತಿದೆ ಎಂದರು. ಸ್ಟಿರಾಯ್ಡ್ ಶುರು ಮಾಡಿದರು. ಅದು ಹಿಡಿಯಲು ದಿನಗಳು ಬೇಕಿದ್ದವು. ಊರಿನಿಂದ ಒಂದು ಜೀಪು ತುಂಬ ಜನ ರಕ್ತ ಕೊಡಲು ಹೋದರು. ಗುಂಪು ಒಂದೇ ಆಗಿದ್ದವರದೂ ಹೊಂದಲಿಲ್ಲ. ಟೀಚರ ರಕ್ತ ಯಾರದನ್ನೂ ತನ್ನದೆಂದು ಒಪ್ಪುತ್ತಿರಲಿಲ್ಲ. ಕೊನೆಗೆ, ಹೊಂದದ್ದರಲ್ಲೇ ವಾಸಿ ಎನಿಸಿದ್ದನ್ನು ಕೊಟ್ಟರು. ಮೂರನೆಯ ದಿನ ತೀರಿಕೊಂಡರು. ಒಂದು ವಾರ ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ.

ಈಗ ಊರಿಗೆ ಹೋದಾಗಲೆಲ್ಲ ಅವರ ಗಂಡ ಬೇಲಿಯ ಬಳಿ ನಿಂತು ಮಾತನಾಡಿಸುತ್ತಾರೆ. ಹೋದ ತಿಂಗಳೂ ಬಂದರು. "ನೀನು ದಿನಾ ಬೆಳಿಗ್ಗೆ ಮದ್ದು ತಂದು ಕೊಟ್ಟದ್ದು ಮರೆಯುವುದುಂಟಾ ಮಗಳೇ? ಹೊಟ್ಟೆಯಲ್ಲಿ ಹುಟ್ಟಿದವರು ಅಷ್ಟು ಮಾಡುವುದಿಲ್ಲ."

ಆ ಸಲವೂ ನಾನು ತಲೆಯಾಡಿಸಿದೆ.