ಅಕ್ಕನ ಬಲಗಾಲು, ನನ್ನ ಎಡಗಾಲು

ನೋವು ಮೊದಲು ಬಂದದ್ದು ನನಗೆ. ರಾಯದುರ್ಗದ ಒಂದು ಗಾರ್ಮೆಂಟ್ಸ್‌ನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ. ಒಂದು ಮಧ್ಯಾಹ್ನ ಊಟಕ್ಕೆಂದು ಸ್ಟೂಲಿನಿಂದ ಎದ್ದಾಗ ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಕರೆಂಟು ಹೊಡೆದಂತಾಯಿತು. ಆಮೇಲೆ ಅದು ಬಿಟ್ಟು ಹೋಗಲಿಲ್ಲ. ಕೂತರೆ ಹೆಚ್ಚು, ನಿಂತರೆ ಕಡಿಮೆ, ಕೆಮ್ಮಿದರೆ ಹೆಬ್ಬೆರಳಿನ ತನಕ. ಮಾತ್ರೆ ನುಂಗಿದೆ, ಬೆಲ್ಟ್ ಕಟ್ಟಿಕೊಂಡೆ, ಹೇಳಿಕೊಟ್ಟ ವ್ಯಾಯಾಮ ಮಾಡಿದೆ. ಕೊನೆಗೆ ಬಳ್ಳಾರಿಯ ಡಾಕ್ಟರು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಗೆ ಉಬ್ಬಿ ನರವನ್ನು ಒತ್ತುತ್ತಿದೆ ಎಂದರು.

"ನರದ ಸುತ್ತ ಬಾವು ಬಂದೈತ್ರಿ. ಅಲ್ಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತೀನಿ. ಬಾವು ಇಳಿದ್ರ ನೋವು ಇಳೀತೈತಿ. ಮೆತ್ತಿ ಮಾತ್ರ ಇದರಿಂದ ಒಳಗ ಹೋಗಂಗಿಲ್ರಿ, ಈಗಲೇ ಹೇಳಿರ್ತೀನಿ."

ಹೊಟ್ಟೆಯ ಕೆಳಗೆ ದಿಂಬು ಇಟ್ಟು ಬೋರಲು ಮಲಗಿಸಿದರು. ಮೇಲೆ ಎಕ್ಸ್‌ರೇ ಯಂತ್ರ ಬಾಗಿಕೊಂಡಿತ್ತು. ಮೊದಲು ಚರ್ಮ ಮರಗಟ್ಟಿಸುವ ಸೂಜಿ, ಆಮೇಲೆ ಉದ್ದದ್ದು.

"ಅಲುಗಾಡಬ್ಯಾಡ್ರಿ. ಕಾಲಿಗೆ ಜಗ್ಗಿದಂಗ ಆತೇನ್ರಿ?"

"ಹೌದ್ರಿ."

"ಎಲ್ಲಿ ತನಕ?"

"ಹೆಬ್ಬಟ್ಟಿನ ತನಕ್ರಿ."

"ಸರಿಯಾದ ಜಾಗಕ್ಕ ಬಂದೀವಿ ಬಿಡ್ರಿ."

ಸಂಜೆಯ ಬಸ್ಸಿಗೆ ಗಂಡನ ಜೊತೆ ಮನೆಗೆ ಬಂದೆ. ಎರಡು ದಿನ ನೋವು ಇನ್ನೂ ಜಾಸ್ತಿಯಿತ್ತು, ಮುಖ ಬಿಸಿಯಾಗಿ ಕೆಂಪಗಾಗಿತ್ತು. ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಾಗ ಕಾಲು ಹಗುರವಾಗಿರುವುದು ಗೊತ್ತಾಯಿತು. ಎಚ್ಚರದಿಂದ ಒಮ್ಮೆ ಕೆಮ್ಮಿ ನೋಡಿದೆ. ಏನೂ ಆಗಲಿಲ್ಲ. ಸೋಮವಾರ ಮತ್ತೆ ಮಷೀನಿಗೆ ಹೋದೆ.

ಮಡಕಶಿರದ ಹತ್ತಿರ ನನ್ನ ಅಕ್ಕ ರೇಷ್ಮೆ ಹುಳು ಸಾಕುತ್ತಾಳೆ. ನಮ್ಮ ತವರೂ ಅಲ್ಲೇ. ಅವಳನ್ನು ಊರೊಳಗೇ ಕೊಟ್ಟರು, ನನ್ನನ್ನು ರಾಯದುರ್ಗಕ್ಕೆ. ಹಿಪ್ಪುನೇರಳೆ ಸೊಪ್ಪು ಹೊರುವುದು, ಹುಳುವಿನ ತಟ್ಟೆಗಳ ಮೇಲೆ ದಿನವಿಡೀ ಬಗ್ಗುವುದು ಅವಳ ಕೆಲಸ. ಅವಳಿಗೂ ಒಂದು ವರ್ಷದಿಂದ ಅಂಥದೇ ನೋವು, ಬಲಗಾಲಿಗೆ. ಜೊತೆಗೆ ಸಕ್ಕರೆ ಕಾಯಿಲೆ. ನನಗೆ ಗುಣವಾದ ಸುದ್ದಿಯನ್ನು ಫೋನಿನಲ್ಲಿ ಹೇಳಿದೆ.

"ಬೆನ್ನಿಗೆ ಸೂಜಿ ಹಾಕ್ಸ್ಕಂಡ್ರೆ ಕಾಲು ಬಿದ್ದೋಗುತ್ತಂತೆ ಕಣೇ," ಅಂದಳು.

"ನನ್ನ ಕಾಲು ಎಲ್ಲಿ ಬಿದ್ದೈತಿ? ಬಂದು ನಡೆದು ತೋರಿಸ್ಲೇನು?"

"ಬಾರಮ್ಮ ಮತ್ತೆ, ನೋಡಾನ."

ಹೋದೆ. ಕಲ್ಯಾಣದುರ್ಗದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು, ಅಷ್ಟು ಹೊತ್ತು ಕೂತೇ ಹೋದರೂ ಕಾಲು ಸುಮ್ಮನಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಅಕ್ಕ ನಾನು ಇಳಿಯುವುದನ್ನೇ ನೋಡುತ್ತಿದ್ದಳು. ಮನೆಗೆ ನಡೆಯುವಾಗ ಅವಳೇ ಹಿಂದೆ ಉಳಿದಳು. ಮಾರನೆಯ ದಿನ ಇಬ್ಬರೂ ಹಿಂದೂಪುರಕ್ಕೆ ಹೋದೆವು. ಅಲ್ಲಿನ ಡಾಕ್ಟರು ತೆಲುಗಿನಲ್ಲಿ ಕೇಳುತ್ತಿದ್ದರು, ಅಕ್ಕ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಈ ಔಷಧಿಯಿಂದ ಕೆಲವು ದಿನ ಸಕ್ಕರೆ ಏರುತ್ತದೆ, ದಿನಾ ನೋಡಿಕೊಳ್ಳಿ; ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾಗದು; ಕಾಲು ಸೋತಂತೆ ಕಂಡರೆ ಒಂದು ದಿನವೂ ತಡ ಮಾಡದೆ ಬನ್ನಿ ಎಂದು ಅವರು ಬಿಡಿಸಿ ಹೇಳಿದರು. ಸಕ್ಕರೆ ಹತೋಟಿಗೆ ಬಂದ ಮೇಲೆ ಅವಳಿಗೂ ಇಂಜೆಕ್ಷನ್ ಆಯಿತು.

ಅವಳಿಗೆ ಅದು ಹಿಡಿಯಲಿಲ್ಲ. ಸಕ್ಕರೆ ಏರಿ ಇಳಿಯಿತು. ನೋವು ಇಳಿದು ಮತ್ತೆ ಏರಿತು. ನಾನು ಫೋನಿನಲ್ಲಿ ಇನ್ನೂ ಕೆಲವು ದಿನ ನೋಡು ಎನ್ನುತ್ತಿದ್ದೆ. ನನಗೆ ಗುಣವಾದದ್ದು ಅವಳಿಗೂ ಆಗಲೇಬೇಕು ಎಂದು ಯಾಕೆ ಅಂದುಕೊಂಡಿದ್ದೆನೋ ಗೊತ್ತಿಲ್ಲ. ಒಂದು ದಿನ ಅವಳೇ ಫೋನ್ ಮಾಡಿದಳು.

"ತೋಟದಾಗೆ ಚಪ್ಪಲಿ ಜಾರಿ ಬಿದ್ದೋಗೈತೆ ಕಣೇ. ನಂಗೆ ಗೊತ್ತೇ ಆಗಿಲ್ಲ. ಬರಿಗಾಲಾಗೆ ಮನೆ ಗಂಟ ಬಂದಿದೀನಿ."

"ಕಾಲಿನ ಹೆಬ್ಬಟ್ಟು ಮೇಲಕ್ಕ ಎತ್ತು, ನೋಡಾಣ."

ಫೋನು ನೆಲಕ್ಕಿಟ್ಟ ಸದ್ದು ಕೇಳಿಸಿತು.

"ಎತ್ತಾಕೆ ಆಗ್ತಿಲ್ಲ."

ಅವತ್ತೇ ಭಾವ ಅವಳನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರಂತೆ, ಬಲಗಾಲು ಟಪ್ಪೆಂದು ನೆಲಕ್ಕೆ ಬಡಿಯಿತಂತೆ. ಇದು ಸೂಜಿಯಿಂದ ಆದದ್ದಲ್ಲ, ಮೆತ್ತೆ ಇನ್ನಷ್ಟು ಹೊರಬಂದು ನರ ಸೋಲುತ್ತಿದೆ, ಆಪರೇಷನ್ ಆಗಬೇಕು ಎಂದು ನೇರ ಬೆಂಗಳೂರಿಗೆ ಕಳಿಸಿದರು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಅಕ್ಕನ ತುಟಿ ಒಣಗಿತ್ತು. ಹತ್ತಿಯನ್ನು ನೀರಲ್ಲಿ ಅದ್ದಿ ಒರೆಸಿದೆ.

"ನಾನೇ ನಿನಗ ಸೂಜಿ ಸೂಜಿ ಅಂತ ಗಂಟುಬಿದ್ದೆ," ಅಂದೆ.

"ಅದಕ್ಕೇ ಹಿಂದೂಪುರದ ಡಾಕ್ಟ್ರು ಗುರ್ತಾಗಿದ್ರು, ಅವತ್ತೇ ಓಡಿದ್ವಿ. ಇಲ್ದಿದ್ರೆ ಎಣ್ಣೆ ತಿಕ್ಕಂಡು ಮನೇಲೇ ಕೂತಿರ್ತಿದ್ದೆ," ಅಂದಳು. ನನ್ನ ಸಮಾಧಾನಕ್ಕೆ ಹೇಳಿದ್ದೋ, ನಿಜಕ್ಕೂ ಹಾಗೆ ಅನ್ನಿಸಿತ್ತೋ, ಕೇಳಲಿಲ್ಲ.

ಕಾಲಿನ ನೋವು ಆಪರೇಷನ್ನಿನ ಜೊತೆಗೇ ಹೋಯಿತು. ಪಾದಕ್ಕೆ ಶಕ್ತಿ ಬರಲು ತಿಂಗಳುಗಳೇ ಹಿಡಿದವು. ಈಗಲೂ ಮೆಟ್ಟಿಲು ಹತ್ತುವಾಗ ಅವಳು ಬಲಗಾಲನ್ನು ನೋಡಿಕೊಂಡೇ ಇಡುತ್ತಾಳೆ. ಹುಳುವಿನ ತಟ್ಟೆಗಳನ್ನು ಭಾವ ಸೊಂಟದ ಎತ್ತರಕ್ಕೆ ಏರಿಸಿ ಕಟ್ಟಿಕೊಟ್ಟಿದ್ದಾರೆ. ಸೊಪ್ಪು ಹೊರುವುದನ್ನು ಬಿಟ್ಟಿದ್ದಾಳೆ.

ನನ್ನ ನೋವು ಮುಂದಿನ ಬೇಸಿಗೆಗೆ ವಾಪಸ್ ಬಂತು. ಮತ್ತೆ ಬಳ್ಳಾರಿ, ಮತ್ತೆ ಬೋರಲು, ಮತ್ತೆ ಅದೇ ಪ್ರಶ್ನೆಗಳು. ಎರಡನೆಯ ಇಂಜೆಕ್ಷನ್ ಅರ್ಧ ಕೆಲಸ ಮಾಡಿತು. ಇದನ್ನು ಪದೇ ಪದೇ ಕೊಡಲು ಬರುವುದಿಲ್ಲ, ಕೂರುವ ಕೆಲಸ ಬಿಡ್ರಿ ಎಂದರು ಡಾಕ್ಟರು. ಸೂಪರ್‌ವೈಸರ್ ನನ್ನನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಅಲ್ಲಿ ನಿಂತುಕೊಂಡೇ ಪ್ಯಾಂಟುಗಳನ್ನು ತಿರುಗಿಸಿ ದಾರದ ತುದಿ ಕತ್ತರಿಸುತ್ತೇನೆ. ಸಂಜೆಗೆ ಎರಡೂ ಪಾದ ಬಾತಿರುತ್ತವೆ. ಎಡಗಾಲೊಂದಕ್ಕೇ ಬರುತ್ತಿದ್ದ ಆ ಹಳೆಯ ನೋವು ಮಾತ್ರ ಕಡಿಮೆಯಾಗಿದೆ.