ಡಬ್ಬಿ ಅಕ್ಕ ಮತ್ತು ಮುಚ್ಚಳದ ಭಯ

ಬೆಳಗಿನ ಐದೂವರೆ. ಅಡುಗೆಮನೆಯ ಮೂಲೆಯ ಮೇಜಿನ ಮೇಲೆ ಅಂಗೈಯಗಲದ ತಗಡಿನ ಡಬ್ಬಿಯೊಂದು ಬಾಯಿ ತೆರೆದು ಮಲಗಿದೆ. ಅದರ ಮುಂದೆ ಕೂತ ಹೆಂಗಸು ಇನ್ನೂ ಒಲೆ ಹಚ್ಚಿಲ್ಲ, ಉಸಿರನ್ನೂ ಪಕ್ಕಕ್ಕೆ ತಿರುಗಿಯೇ ಬಿಡುತ್ತಿದ್ದಾರೆ. ಡಬ್ಬಿಯೊಳಗೆ ಕೂರಬೇಕಾದ ಹಳೇ ಕಾಲದ ಟ್ರಾನ್ಸಿಸ್ಟರು, ಅಂದರೆ ರೇಡಿಯೊ ಒಳಗಿರುವ ಕಾಳಿನಷ್ಟು ಭಾಗ, ಮಹಾ ನಾಜೂಕಿನ ಆಸಾಮಿ. ಕೊಂಚ ಬಿಸಿ ತಾಗಿದರೂ ಅಳತೆ ತಪ್ಪುತ್ತದೆ. ಹಾಗಾಗಿ ಅದನ್ನು ಅಳೆಯುವ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಬೇಕು. "ಬೆರಳಲ್ಲಿ ಹಿಡ್ಕೊಂಡ್ರೂ ಮುನಿಸ್ಕೊಳ್ಳತ್ತೆ," ಎನ್ನುತ್ತಾ ಚಿಮಟದಲ್ಲಿ ಎತ್ತಿಡುತ್ತಾರೆ.

ಇವರು ಕಟ್ಟುವುದು ಫಜ್ ಪೆಡಲ್. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಲ್ಲಿ ಒತ್ತಿದರೆ, ನುಣುಪಾಗಿ ಹರಿಯುತ್ತಿದ್ದ ಸ್ವರ ಗಟ್ಟಿ ಬಟ್ಟೆ ಹರಿದಂತೆ ಗರಗರ ಎನ್ನುತ್ತದೆ. ಅತ್ತೆಗೆ ಇದು ಇವತ್ತಿಗೂ ಒಗಟು. "ಚೆನ್ನಾಗಿರೋ ಸದ್ದನ್ನ ಕೆಡ್ಸೋಕೆ ಇಷ್ಟೊಂದು ಕಷ್ಟ ಪಡ್ಬೇಕೇನೇ? ಗಿಟಾರ್ ನನ್ನ ಕೈಗೆ ಕೊಡು, ಸುಮ್ನೆ ನುಡಿಸಿ ಕೆಡಿಸ್ತೀನಿ!" ಎಂದು ನಗುತ್ತಾರೆ.

ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಹನ್ನೆರಡನೇ ವಯಸ್ಸಿಗೇ ಮಗಳ ಕೈಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಬಂತು. ಅಂಗಡಿ ಮುಚ್ಚಿದಾಗ ಮನೆಗೆ ಬಂದದ್ದು ಒಂದು ಬಿಸ್ಕತ್ ಟಿನ್ನಿನ ತುಂಬ ಟ್ರಾನ್ಸಿಸ್ಟರು. ಹತ್ತು ಅಳೆದರೆ ಮೂರು ಪಾಸಾಗುತ್ತವೆ. ಒಂದು ಡಬ್ಬಿಗೆ ಐವತ್ತೆರಡು ಬೆಸುಗೆ, ಎರಡು ದಿನದ ಕೆಲಸ. ಇಲ್ಲಿಯವರೆಗೆ ಅರವತ್ತೊಂದು ಡಬ್ಬಿ ಕಟ್ಟಿದ್ದಾರೆ. ಸುತ್ತಲಿನ ವಾದ್ಯದವರೆಲ್ಲ ಇವರನ್ನು 'ಡಬ್ಬಿ ಅಕ್ಕ' ಎಂದೇ ಕರೆಯುತ್ತಾರೆ. ಆ ಅರವತ್ತೊಂದರಲ್ಲಿ ಕೆಟ್ಟು ವಾಪಸ್ ಬಂದದ್ದು ಒಂದೇ. ಆ ಒಂದು ಅವರ ನಿದ್ದೆ ಕೆಡಿಸಿದೆ.

ಅದು ಗಿಟಾರ್ ಮೇಷ್ಟ್ರ ಡಬ್ಬಿ. ಮಕ್ಕಳಿಗೆ ಗಿಟಾರ್ ಕಲಿಸುವ, ಮಾತು ಕಡಿಮೆಯ ಮನುಷ್ಯ. ಹೋದ ತಿಂಗಳು ತುಂಬಿದ ಸಭಾಂಗಣದಲ್ಲಿ ಅವರು ಡಬ್ಬಿ ತುಳಿದದ್ದೇ ತಡ, ಗಿಟಾರ್ ಗಪ್‌ಚಿಪ್. ಮೂರನೇ ಸಾಲಿನಲ್ಲಿ ಡಬ್ಬಿ ಅಕ್ಕ ಕೂತಿದ್ದರು.

"ಮೊದಲನೇ ಕ್ಷಣಕ್ಕೇ ಗೊತ್ತಾಯ್ತು, ನಂದೇ ತಪ್ಪು ಅಂತ. ನನ್ನ ಪಕ್ಕದಲ್ಲಿದ್ದವರು, ಮೇಷ್ಟ್ರಿಗೆ ಮರ್ತೋಯ್ತು, ವಯಸ್ಸಾಯ್ತು ಅಂತ ನಗ್ತಿದ್ರು. ಅಲ್ಲ ಕಣ್ರೀ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹಿಂದಿನ ಬಾಗಿಲಿಂದ ಎದ್ದು ಬಂದ್ಬಿಟ್ಟೆ."

ತಪ್ಪು ನಡೆದದ್ದು ಮುಚ್ಚಳ ಮುಚ್ಚುವಾಗ. ಡಬ್ಬಿ ಚಿಕ್ಕದು, ಬೆಸುಗೆಯ ಮೊನೆಗಳಿಗೂ ತಳದ ತಗಡಿನ ಮುಚ್ಚಳಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಒಂದಕ್ಕೊಂದು ತಾಗಬಾರದೆಂದು ನಡುವೆ ದಪ್ಪ ಕಾಗದ ಹಾಸಬೇಕು. ಅವಸರದಲ್ಲಿ ಅದೇ ಬಿಟ್ಟುಹೋಗಿತ್ತು. ಮನೆಯಲ್ಲಿ ಬೆರಳಿಂದ ಒತ್ತಿ ನೋಡಿದಾಗ ಸದ್ದು ಸರಿಯಾಗಿಯೇ ಬಂದಿತ್ತು. ವೇದಿಕೆಯಲ್ಲಿ ಡಬ್ಬಿಯ ಕೆಳಗೆ ವೈರೊಂದು ಸಿಕ್ಕಿಕೊಂಡಿತ್ತು. ಮೇಲಿಂದ ಮೇಷ್ಟ್ರ ಪೂರ್ತಿ ಭಾರ ಬಿತ್ತು. ಮುಚ್ಚಳ ಒಳಗೆ ತಗ್ಗಿ ಬೆಸುಗೆಗೆ ಮುತ್ತಿಕ್ಕಿತು. ಅಷ್ಟೇ, ಮೌನ.

ಇವತ್ತು ಸಂಜೆ ಅದೇ ಸಭಾಂಗಣ, ಅದೇ ಮೇಷ್ಟ್ರು. ಹೊಸ ಡಬ್ಬಿ ಬೆಳಗಿನ ಎಂಟು ಗಂಟೆಗೇ ಅವರ ಕೈ ಸೇರಬೇಕು. ಉಳಿದ ಬೆಸುಗೆಯೆಲ್ಲ ನಿನ್ನೆಯೇ ಮುಗಿದಿದೆ, ಈಗ ಟ್ರಾನ್ಸಿಸ್ಟರೂ ಕೂತಾಯಿತು. ಡಬ್ಬಿ ಅಕ್ಕ ಕಾಗದ ಹಾಸಿ, ತೆಗೆದು, ಬೆರಳಾಡಿಸಿ, ಮತ್ತೆ ಹಾಸುತ್ತಾರೆ. ನಾಲ್ಕು ಸ್ಕ್ರೂಗಳಲ್ಲಿ ಮೂರನೆಯದು ಬಿಗಿಯುವಾಗ ಜಾರಿ ನೆಲಕ್ಕೆ ಬೀಳುತ್ತದೆ. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಇವರು ಈಗ ಡಬ್ಬಿಗೆ ಗಿಟಾರು, ಸ್ಪೀಕರು ಜೋಡಿಸಿ, ಗಂಡನ ದಪ್ಪ ಬೂಟು ಹಾಕಿಕೊಂಡು, ಡಬ್ಬಿಯ ಕೆಳಗೆ ಬೇಕೆಂದೇ ವೈರಿಟ್ಟು, ನೂರು ಸಲ ತುಳಿಯುತ್ತಾರೆ. ಒಳಗಿನ ಕೋಣೆಯಿಂದ ಗಂಡ ಎಣಿಸುತ್ತಾರೆ. "ಎಪ್ಪತ್ತೆಂಟು! ಸಾಕು ಬಿಡೇ, ಕೆಳಗಿನ ಮನೆಯವರು ಬರ್ತಾರೆ." ಇವರು ನಿಲ್ಲಿಸುವುದಿಲ್ಲ. ಒಂದೊಂದು ಸಲ ತುಳಿದು ತಂತಿ ಮೀಟುವಾಗಲೂ ಮುಖ ಬಿಳಿಚಿಕೊಳ್ಳುತ್ತದೆ, ಸದ್ದು ಬಂದ ಮೇಲೆ ಬಣ್ಣ ಮರಳುತ್ತದೆ.

ಎಂಟಕ್ಕೆ ಮೇಷ್ಟ್ರು ಬರುತ್ತಾರೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಒಂದ್ಸಲ ನುಡ್ಸಿ ನೋಡಿ, ಮೇಷ್ಟ್ರೇ."

"ಬೇಡಮ್ಮ. ನೀವು ನೋಡಿರ್ತೀರಲ್ಲ, ಸಾಕು."

ಆ ನಂಬಿಕೆಯೇ ಡಬ್ಬಿ ಅಕ್ಕನಿಗೆ ಹೆಚ್ಚು ಹೆದರಿಕೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಅವತ್ತು ನಾನು ಅಲ್ಲೇ ಕೂತಿದ್ದೆ," ಎಂದು ಬಾಯಿ ತಪ್ಪಿದಂತೆ ಹೇಳಿಬಿಡುತ್ತಾರೆ. ಮೇಷ್ಟ್ರು ಚೀಲದ ಜಿಪ್ ಎಳೆಯುತ್ತಾ, "ಗೊತ್ತು. ನೀವು ಎದ್ದು ಹೋಗಿದ್ದು ಕಂಡಿತ್ತು," ಎನ್ನುತ್ತಾರೆ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾರೆ.

ಡಬ್ಬಿ ಅಕ್ಕ ಒಳಗೆ ಬಂದು ಮೇಜಿನ ಮೇಲಿನ ಚಿಮಟ, ವೈರುಗಳನ್ನು ಎತ್ತಿಡುತ್ತಾರೆ. ಇನ್ನು ಮುಂದೆ ನಿಮ್ಮ ಆಸೆ ಏನೆಂದು ಕೇಳಿದರೆ ಸೆರಗಿನಲ್ಲಿ ಅಂಗೈ ಒರೆಸಿಕೊಳ್ಳುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಸಾಯಂಕಾಲ ಹೋಗ್ತೀನಿ, ಮುಂದಿನ ಸಾಲಲ್ಲೇ ಕೂತ್ಕೋತೀನಿ. ಭಯ ಇದೆ. ಆದ್ರೂ ಸದ್ದು ನಿಂತೋದ್ರೆ ನಾನು ಎದ್ದು ನಿಲ್ತೀನಿ. ಅಷ್ಟೂ ಜನರ ಮುಂದೆ, 'ಮೇಷ್ಟ್ರು ಮರ್ತಿಲ್ಲ ಕಣ್ರಪ್ಪಾ, ಆ ಡಬ್ಬಿ ಕಟ್ಟಿದ್ದು ನಾನು' ಅಂತ ಹೇಳ್ತೀನಿ."