ಹೊಗಳಲು ಬಾರದ ಊರಿನಿಂದ ಉತ್ತರ ಧ್ರುವಕ್ಕೆ

ನನಗೆ ಹೊಗಳಲು ಬರುವುದಿಲ್ಲ. ಇದನ್ನು ವಿನಯವೆಂದು ತಿಳಿಯಬೇಡಿ, ರೋಗವೆಂದೇ ತಿಳಿಯಿರಿ. ನಮ್ಮ ಕುಂದಗೋಳ ಸೀಮೆಯಲ್ಲಿ ಇದು ಮನೆಮನೆಗೂ ಇದೆ. ಮದುವೆಯ ಊಟಕ್ಕೆ ಕೂತು, ಮೂರನೆಯ ಸಲ ಹೋಳಿಗೆ ಹಾಕಿಸಿಕೊಂಡು, ಎದ್ದು ಕೈ ತೊಳೆಯುವಾಗ ಬೀಗರು 'ಅಡಗಿ ಹೆಂಗಾಗಿತ್ರಿ?' ಎಂದು ಕೇಳಿದರೆ, 'ಅಡ್ಡಿ ಇಲ್ರಿ' ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿ ಇಲ್ಲ. ಮಕ್ಕಳ ವಿಷಯಕ್ಕೆ ಬಂದರಂತೂ ಬಾಯಿಗೆ ಬೀಗ. ಒಬ್ಬರ ಮಗುವನ್ನು ಅವರ ಎದುರಿಗೆ ಹೊಗಳಿದರೆ ದೃಷ್ಟಿ ಹಾಕಿದ ಹಾಗೆ. ಹೊಗಳಿಕೆ ಬಿದ್ದ ಕೂಡಲೇ ಆ ತಂದೆ ತನ್ನ ಮಗುವಿನ ಎರಡು ಅವಗುಣ ಹೇಳಿ ಲೆಕ್ಕ ಸರಿಮಾಡಬೇಕು. ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಇಬ್ಬರೂ ತಪ್ಪದೆ ಪಾಲಿಸುವ ರಿವಾಜು ಇದು.

ಈ ರೋಗದಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡು ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದೆ. ಹೋದ ವರ್ಷ ಅದು ಒಬ್ಬ ಹುಡುಗಿಯನ್ನು ಉತ್ತರ ಧ್ರುವದ ಬಾಗಿಲಲ್ಲೇ ನಿಲ್ಲಿಸುವುದಿತ್ತು.

ಹುಡುಗಿಯ ಹೆಸರು ಶಾಹೀನ್. ಕುಬಿಹಾಳದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವ ದಾವಲಸಾಬನ ಎರಡನೆಯ ಮಗಳು. ಒಂಬತ್ತನೆಯ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ನಾನು ಸಮಾಜ ವಿಜ್ಞಾನದವನು. ಹವಾಮಾನದ ಪಾಠ ಬಂದಾಗ, ದಿನಾ ಬೆಳಿಗ್ಗೆ ಒಂದು ಗೇಣು ತಗ್ಗು ತೋಡಿ ಮಣ್ಣಿನ ಉಷ್ಣತೆ ಎಷ್ಟಿದೆ ನೋಡಿ ಬರೆಯಿರಿ, ಒಂದು ವಾರ ಸಾಕು ಎಂದಿದ್ದೆ. ಬಹಳಷ್ಟು ಹುಡುಗರು ಎರಡು ದಿನ ನೋಡಿ ಉಳಿದ ಐದು ದಿನದ್ದನ್ನು ಮನೆಯಲ್ಲೇ ಕೂತು ಬರೆದರು. ಶಾಹೀನ್ ವಾರ ಮುಗಿದ ಮೇಲೂ ಬರೆದಳು, ವರ್ಷ ಮುಗಿದ ಮೇಲೂ ಬರೆದಳು. ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಎಂ.ಎಸ್ಸಿ. ಮುಗಿಸುವ ತನಕ, ಒಂಬತ್ತು ವರ್ಷ ಬರೆದಳು.

ಆಮೇಲೆ ಅವಳಿಗೆ ಒಂದು ಜಾಹೀರಾತು ಸಿಕ್ಕಿತು. ಉತ್ತರ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ ಹೆಪ್ಪುಗಟ್ಟಿದ ನೆಲ ಹೇಗೆ ಕರಗುತ್ತಿದೆ ಎಂದು ಎರಡು ವರ್ಷ ನೋಡುವ ಕೆಲಸ. ಜಾಗ ಒಂದೇ. ನಮ್ಮ ಶಾಲೆಯ ಗೋಡೆಯ ಮೇಲೆ 'ಮುಂದೇನು?' ಎಂಬ ತಕ್ತೆ ಇನ್ನೂ ಇದೆ. ಅದರಲ್ಲಿ ಡಾಕ್ಟರು, ಇಂಜಿನಿಯರು, ಶಿಕ್ಷಕರು, ಬ್ಯಾಂಕು, ಪೊಲೀಸು ಇವೆ. ಹಿಮದ ಕೆಳಗಿನ ಮಣ್ಣು ನೋಡುವವರು ಇಲ್ಲ. ಮಣ್ಣು ನೋಡಿದ್ದಕ್ಕೆ ಯಾರಾದರೂ ಪಗಾರ ಕೊಡುತ್ತಾರೆಂದು ನಾವು ಯಾರೂ ಎಣಿಸಿರಲಿಲ್ಲ.

ನಿಜ ಹೇಳಬೇಕೆಂದರೆ ಅಲ್ಲಿಯ ನೆಲ ನಮಗೆ ಅಷ್ಟೇನೂ ಪರಕೀಯವಲ್ಲ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಒಣಗಿ, ಕುಗ್ಗಿ, ಕಾಲು ಸಿಕ್ಕಿಬೀಳುವಷ್ಟು ಅಗಲ ಬಿರುಕು ಬಿಡುತ್ತದೆ. ಅಲ್ಲಿ ಕಡು ಚಳಿಗೆ ನೆಲ ಮುದುಡಿ ಬಿರಿಯುತ್ತದೆ. ಮೇಲಿಂದ ತೆಗೆದ ಚಿತ್ರ ನೋಡಿದರೆ ಎರಡೂ ಕಡೆ ಅದೇ ಐದು ಮೂಲೆ, ಆರು ಮೂಲೆಯ ಹೆಂಟೆಗಳು. ಅಲ್ಲಿಯವು ಇಡೀ ಅಂಗಳದಷ್ಟು ದೊಡ್ಡವು, ಅಷ್ಟೇ ಫರಕು. ಇದನ್ನು ನನಗೆ ತೋರಿಸಿಕೊಟ್ಟವಳೂ ಶಾಹೀನ್.

ಸುದ್ದಿ ಹಬ್ಬಿದ ಮೇಲೆ ಸಲಹೆಗಳ ಕಾಟ ಶುರುವಾಯಿತು. ಬಾಜು ಮನೆಯ ರೈತ 'ಅಲ್ಲಿ ಏನ್ ಬೆಳೀತೈತ್ರಿ?' ಎಂದ. ಏನೂ ಬೆಳೆಯುವುದಿಲ್ಲ ಎಂದೆ. 'ಮತ್ತ ಮಣ್ಣ ತಗೊಂಡ ಏನ್ ಮಾಡ್ತಾರ?' ಎಂದು ನನ್ನನ್ನು ಹುಚ್ಚನಂತೆ ನೋಡಿದ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗದಿದ್ದರೆ ರೋಜಾದ ಉಪವಾಸ ಬಿಡುವುದು ಯಾವಾಗ ಎಂದು ದಾವಲಸಾಬ ಚಿಂತೆಗೆ ಬಿದ್ದ. ಮೌಲವಿಗಳು ಬೇರೆ ಊರಿನ ವೇಳೆ ಹಿಡಿದರೆ ನಡೆಯುತ್ತದೆ ಎಂದು ಎರಡು ನಿಮಿಷದಲ್ಲಿ ಬಗೆಹರಿಸಿದರು. ನನ್ನ ಹೆಂಡತಿಯದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು, ಅಂಥದ್ದರಲ್ಲಿ ಉತ್ತರದಲ್ಲೇ ಹೋಗಿ ಮಲಗುವವರು ಏನು ಮಾಡಬೇಕು? ಧ್ರುವದ ನೆತ್ತಿಯ ಮೇಲೆ ಮಲಗಿದರೆ ಯಾವ ಕಡೆ ತಲೆ ಹಾಕಿದರೂ ಅದು ದಕ್ಷಿಣವೇ ಎಂದು ಗೋಲ ತಂದು ತೋರಿಸಿದೆ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಸಿಟ್ಟಾದಳು.

ಇವರೆಲ್ಲರಿಗಿಂತ ದೊಡ್ಡ ಅನಾಹುತ ಮಾಡಿದವನು ನಾನು. ಆ ಒಂಬತ್ತು ವರ್ಷದ ನೋಟುಬುಕ್ಕುಗಳು ಖರೆ ಎಂದು, ಹುಡುಗಿ ಎಂಥವಳೆಂದು, ಮೊದಲು ಕಲಿಸಿದ ಮಾಸ್ತರು ಅರ್ಜಿಯ ಜೊತೆ ಬರೆದುಕೊಡಬೇಕಿತ್ತು. ಬರೆದುಕೊಟ್ಟೆ. 'ಈಕೆ ನನ್ನ ವಿದ್ಯಾರ್ಥಿನಿ. ನಡತೆ ಸರಿಯಾಗಿದೆ. ಒಪ್ಪಿಸಿದ ಕೆಲಸ ಮಾಡುತ್ತಾಳೆ.' ಮೂರು ಸಾಲು. ಬರೆದ ಮೇಲೆ ತುಸು ಹೆಚ್ಚಾಯಿತೇನೋ ಎಂದು ನಾಚಿಕೆಯೂ ಆಯಿತು.

ಹದಿನೈದು ದಿನಕ್ಕೆ ಆಯ್ಕೆ ಸಮಿತಿಯಿಂದ ಫೋನು. ನಿಮ್ಮ ಪತ್ರದಿಂದ ನಮಗೆ ಅನುಮಾನ ಬಂದಿದೆ, ನಾಳೆ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಮಾತಾಡಬೇಕು, ಅಭ್ಯರ್ಥಿ ಹತ್ತಿರ ಇರಬಾರದು ಎಂದರು. ಶಾಹೀನ್ ಇರಲಿಲ್ಲ, ಅವರಪ್ಪ ಬಂದ. ಮಗಳ ಬಗ್ಗೆ ದೊಡ್ಡವರು ಮಾತಾಡುವಾಗ ತಾನು ಮನೆಯಲ್ಲಿ ಕೂತರೆ ಮರ್ಯಾದೆಯಲ್ಲ ಎಂದು, ಇಸ್ತ್ರಿ ಅಂಗಿ ತೊಟ್ಟು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅದೂ ನಮ್ಮ ರೋಗದ ಇನ್ನೊಂದು ಲಕ್ಷಣ.

ಮೊಬೈಲಿನಲ್ಲಿ ಕಾಣಿಸಿದ ಮೇಡಮ್ಮು ಮೈಸೂರು ಕಡೆಯವರು. "ಸರ್, ಬೇರೆಯವರ ಪತ್ರಗಳಲ್ಲಿ ಎರಡೆರಡು ಪುಟ ಹೊಗಳಿಕೆ ಇದೆ. ನಿಮ್ಮದರಲ್ಲಿ ಮೂರೇ ಸಾಲು. ಹುಡುಗಿ ಬಗ್ಗೆ ನಿಮಗೆ ಏನಾದರೂ ಸಂದೇಹ ಇದೆಯಾ?" ಎಂದರು.

"ಛೇ, ಸಂದೇಹ ಯಾಕ್ರಿ? ಹುಡುಗಿ ಅಭ್ಯಾಸದಾಗ ಭಾಳ..." ಎಂದು ಶುರುಮಾಡಿದೆ.

"ಏನ್ ಭಾಳ ರೀ," ದಾವಲಸಾಬ ನಡುವೆ ಬಾಯಿ ಹಾಕಿದ. "ಇನ್ನೂ ಚಾ ಮಾಡಾಕ ನೆಟ್ಟಗ ಬರೂದಿಲ್ಲ ಆಕಿಗೆ."

ಅವನ ಕಾಲು ತುಳಿದೆ. ತಪ್ಪಾಯಿತೆಂದು ನನ್ನ ಕಾಲಿಗೆ ಜಾಗ ಬಿಟ್ಟು ಸರಿದು ಕೂತ. ಅವರು ಯಾರು ಎಂದು ಮೇಡಮ್ಮು ಕೇಳಿದರು. ಅವರಪ್ಪ ಎಂದೆ. ಅವರೇ ಹೇಳಲಿ ಎಂದರು. ಮುಗಿಯಿತು ಕಥೆ ಎಂದುಕೊಂಡೆ.

"ಅಗದಿ ಹಟಮಾರಿ ಐತ್ರಿ," ಎಂದು ದಾವಲಸಾಬ ಫಿರ್ಯಾದಿ ಶುರುಮಾಡಿದ. "ಹಿತ್ತಲದಾಗ ಹನ್ನೊಂದು ತಗ್ಗ ತೋಡ್ಯಾಳ್ರಿ, ನಮ್ಮ ಆಡು ಬಿದ್ದು ಕಾಲ ಮುರಕೊಂಡೈತಿ. ಜ್ವರಾ ಬಂದ್ರೂ ಚಾದರ ಹೊಚಗೊಂಡ ಹೋಗಿ ನೋಡಾಕಿ. ಅಕ್ಕನ ನಿಕಾ ದಿನಾ ಬೀಗರು ಬಾಗಲದಾಗ ನಿಂತಾರ, ಈಕಿ ಹಿತ್ತಲದಾಗ ಕುಂತಾಳ."

"ಒಂದು ದಿನವೂ ತಪ್ಪಿಸಿಲ್ವಾ?"

"ಒಂದ ದಿನಾ ತಪ್ಪಿಸ್ಯಾಳ್ರಿ. ಥರ್ಮಾಮೀಟರ್ ಒಡದಿತ್ತು. ಆ ದಿನದ್ದು ಜಾಗಾ ಖಾಲಿ ಬಿಟ್ಟಾಳ. ನಿನ್ನಿದಕ್ಕ ಇವತ್ತಿಂದಕ್ಕ ಏನ್ ಫರಕ್ ಆಗತೈತಿ, ಸುಮ್ನ ಏನರ ಒಂದು ಬರಿ ಅಂದ್ನಿ. ಮೂರು ದಿನಾ ಮಾತಾಡ್ಲಿಲ್ರಿ ನನ್ನ ಕೂಡ."

ಮೇಡಮ್ಮು ತಲೆ ತಗ್ಗಿಸಿ ಏನೋ ಬರೆದುಕೊಳ್ಳತೊಡಗಿದರು. "ಇನ್ನೂ ಹೇಳಿ," ಎಂದರು. ಇಪ್ಪತ್ತು ನಿಮಿಷ ಹೇಳಿದ. ಮಗಳ ಒಂದು ತಪ್ಪನ್ನೂ ಮರೆಯಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅವು ಒಂದೊಂದೂ ಎಂಥ ಶಿಫಾರಸು ಎಂಬುದು ನನಗೆ ಹೊಳೆದದ್ದು ಫೋನು ಇಟ್ಟ ಮೇಲೆ.

ಶಾಹೀನ್ ಆಯ್ಕೆಯಾದಳು. ಪತ್ರ ಬಂದ ಮರುದಿನ ಅದನ್ನು ನಮ್ಮ ಮನೆಗೆ ತಂದು ಓದಿ ಹೇಳಿದಳು. ಇಂಥ ತಾಳ್ಮೆಯೂ ಇಂಥ ಪ್ರಾಮಾಣಿಕತೆಯೂ ತಮಗೆ ಅಪರೂಪಕ್ಕೆ ಸಿಗುತ್ತವೆ ಎಂದು ಸಮಿತಿಯವರು ಬರೆದಿದ್ದರು. ಅಷ್ಟನ್ನು ಅವಳು ಎರಡು ಸಲ ಓದಿದಳು.

"ಸರ್, ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತಲ್ಲ."

"ಯಾವಾಗಿಂದ್ರಿ?"

"ನೀ ಒಂಬತ್ತನೇ ಇಯತ್ತೆ ಇದ್ದಾಗಿಂದ."

ಪತ್ರವನ್ನು ಮಡಚಿದಳು. "ಕಾಲೇಜಿನ್ಯಾಗ ಇದ್ದಾಗ ಎರಡು ಸಲ ಇಂಥಾವ ಅರ್ಜಿ ತುಂಬಿದ್ನಿರಿ. ನಮ್ಮಂಥೋರಿಗೆಲ್ಲಿ ಅಂತ ಕಳಸಲಿಲ್ಲ. ಒಂದ ಮಾತು ಹೇಳಿದ್ರ ಕಳಸ್ತಿದ್ನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಇವಳಿಗೆ ಎರಡು ಅರ್ಜಿ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಕೆಳಗೆ ಹೋದ ಉಳಿದವರು ಏನೇನು ತುಂಬಿ ಹರಿದು ಹಾಕಿದರೋ, ನನಗೆ ಹೇಗೆ ತಿಳಿಯಬೇಕು? ಒಬ್ಬೊಬ್ಬರ ಮುಖ ನೆನಪಾಗತೊಡಗಿತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಕಿಟಕಿಯ ಕಡೆ ನೋಡುತ್ತಿದ್ದವನು ತಿರುಗಿ ಅವಳ ಮುಖ ನೋಡಿ ಹೇಳಿದೆ:

"ನೀ ಅಗದಿ ಶಾಣ್ಯಾಕಿ ಅದಿ ನೋಡವಾ."

ಅವಳ ಕಣ್ಣು ತುಂಬಿ ಬಂದವು. ಹೇಳುವುದಕ್ಕೆ ನನಗೆ ಒಂದು ಪೂರ್ತಿ ಉಸಿರೂ ಬೇಕಾಗಲಿಲ್ಲ.